ಹೋಬಾಲ್ಮ್ ಖಾಲಿ ಮಾಡದವರು

ಕೈ ಎತ್ತಿದವರಲ್ಲಿ ನಮ್ಮ ಹಿಚ್ ಅಣ್ಣನೂ ಇದ್ದ ಎಂಬ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ತಂದವನು ನೆರೆಮನೆಯ ಮುದುಕ ಯೋರಿ. ಕೆಳಗಿನೂರಿನಲ್ಲಿ ಗ್ರಾಮಸಭೆ ಮುಗಿದ ಕೂಡಲೇ, ಎಂದೂ ಬಿಡದ ಒಂದು ಲೋಟ ವೈನನ್ನೂ ಬಿಟ್ಟು, ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದಿದ್ದ. ಬೂಟಿನ ಕೆಸರು ಕೊಡವದೆ ಅಡುಗೆಮನೆಯ ಬಾಗಿಲಲ್ಲೇ ನಿಂತ.

"ಮುಗೀತು ಡೊರ್ತೆ," ಅಂದ. "ನಮ್ಮೂರನ್ನ ಚಳಿಗಾಲಕ್ಕೆ ಮುಚ್ಚಿಬಿಟ್ರು."

ಅಮ್ಮ ಬಾರ್ಲಿ ಗಂಜಿ ತಿರುವುತ್ತಿದ್ದಳು. ತಿರುಗಿ ನೋಡಲಿಲ್ಲ. "ಬೇಡ ಅಂದೋರು ಎಷ್ಟು ಜನ?"

"ನಾನೊಬ್ಬ."

"ನೀನೊಬ್ಬನೇನಾ? ನಮ್ಮ ಹಿಚ್ ಎಲ್ಲಿ ಸತ್ತಿದ್ದ?"

ಯೋರಿ ಟೋಪಿ ತೆಗೆದು, ಅದರೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡಿದ. "ಅಲ್ಲೇ ಇದ್ದ. ಎರಡನೇ ಬೆಂಚಲ್ಲಿ. ಎಲ್ಲರ ಜೊತೆ ಅವನೂ ಕೈ ಎತ್ತಿದ."

ಹೆಂಗಸರಿಗೆ ಆಗಿನ್ನೂ ಮತ ಇರಲಿಲ್ಲ. ನಮ್ಮ ಮನೆಯಲ್ಲಿ ಅಮ್ಮ, ಅಣ್ಣನ ಹೆಂಡತಿ ಬಾರ್ಬ್ಲಾ, ಮದುವೆಯಾಗದೆ ಉಳಿದ ನಾನು, ಹೀಗೆ ಮೂವರು ಹೆಂಗಸರು. ಅಣ್ಣನ ಮಗಳು ಮೆಂಗಾಗೆ ಒಂಬತ್ತು ವರ್ಷ. ಅಪ್ಪ ವಾಲೆಂಟಿನ್ನಿಗೆ ಎದೆರೋಗ, ಬೆಟ್ಟ ಇಳಿದರೆ ಹತ್ತುವ ಹಾಗಿರಲಿಲ್ಲ. ಹಾಗಾಗಿ ಇಡೀ ಮನೆಯ ಪರವಾಗಿ ಸಭೆಯಲ್ಲಿ ಇದ್ದದ್ದು ಅಣ್ಣನ ಒಂದು ಕೈ. ಆ ಕೈ ಎದ್ದು ಒಪ್ಪಿದ್ದು ಇದನ್ನು: ನವೆಂಬರಿನಿಂದ ಈಸ್ಟರ್‌ವರೆಗೆ ನಮ್ಮೂರು ಹೋಬಾಲ್ಮಿನಲ್ಲಿ ಯಾರೂ ವಾಸ ಇರಕೂಡದು. ದಾರಿಯ ಹಿಮ ತೆಗೆಸುವುದಿಲ್ಲ. ಟಪಾಲು ಬರುವುದಿಲ್ಲ, ಕರೆಂಟು ಇರುವುದಿಲ್ಲ. ಇನ್ನು ಮೇಲೆ ಅಲ್ಲಿಯ ಸ್ಮಶಾನದಲ್ಲಿ ಯಾರನ್ನೂ ಹೂಳುವಂತಿಲ್ಲ.

ಅಣ್ಣ ಬಂದಾಗ ನಾವೆಲ್ಲ ಊಟಕ್ಕೆ ಕೂತಿದ್ದೆವು. ಅಮ್ಮ ಎಲ್ಲರಿಗೂ ಗಂಜಿ ಬಡಿಸಿದಳು, ಒಣಮಾಂಸ ಹೆಚ್ಚಿ ಹಾಕಿದಳು. ಅಣ್ಣನ ತಟ್ಟೆಯನ್ನು ಮಾತ್ರ ಮಗುಚಿ ಇಟ್ಟಳು.

"ಇದೇನಮ್ಮ?"

"ಕೈ ಎತ್ತಿದೆಯಲ್ಲ, ಅದೇ ಕೈಯಲ್ಲಿ ಬೇಯಿಸ್ಕೊ."

"ನನ್ನ ಮಾತು ಸ್ವಲ್ಪ ಕೇಳ್ತೀಯಾ?"

"ನಿನ್ನ ಮಾತು ಕೆಳಗಿನೋರು ಕೇಳಿದ್ದಾರೆ. ಅವರೇ ಊಟ ಹಾಕಲಿ."

ಅಣ್ಣ ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟ. ಅವನೂ ಅಮ್ಮನ ಮಗನೇ. "ಹೋದ ಫೆಬ್ರವರೀಲಿ ಮೆಂಗಾನ ಶಾಲೆಯಿಂದ ಕರ್ಕೊಂಡು ಬರ್ತಿದ್ದೆ. ನಾವು ದಾಟಿದ ಮೇಲೆ ಅರ್ಧ ಬೆಟ್ಟದ ಹಿಮ ಹಿಂದೆ ಕುಸಿದು ಬಿತ್ತು. ಗಾಳಿಗೇ ಹುಡುಗಿ ಮುಗ್ಗರಿಸಿ ಬಿದ್ಲು. ಬಾಯಿ ತುಂಬಾ ಹಿಮ. ಅದನ್ನ ಬೆರಳು ಹಾಕಿ ತೆಗೆದೋನು ನಾನು, ನೀನಲ್ಲ. ನನ್ನ ಮಗಳ ಹೆಣ ಎತ್ತೋಕೆ ನಾನು ತಯಾರಿಲ್ಲ."

"ಮೂರು ಸಲ ಈ ಊರು ಹಿಮದಲ್ಲಿ ಕೊಚ್ಚಿ ಹೋಗಿದೆ," ಅಂದಳು ಅಮ್ಮ. "ಮೂರು ಸಲ ನಮ್ಮೋರು ಹೆಣ ಎಣಿಸಿ, ಹೂತು, ಅದೇ ಕಲ್ಲು ಆಯ್ದು ಮನೆ ಕಟ್ಟಿದ್ದಾರೆ."

"ಆಗ ಹದಿನಾಲ್ಕು ಮನೆ ಇದ್ವು. ಈಗ ಎರಡು. ನಾಲ್ಕನೇ ಸಲ ಕಟ್ಟೋರು ಯಾರು? ನೀನು ಮತ್ತೆ ಯೋರಿನಾ?"

ಅಮ್ಮ ಪಾತ್ರೆ ತೊಳೆಯಲು ಎದ್ದಳು. ಅಪ್ಪ ಗಂಜಿಯ ಕೊನೆಯ ಗುಟುಕು ಕುಡಿದು, ಮೀಸೆ ಒರೆಸಿಕೊಂಡು, ಆ ಸಂಜೆಯ ತನ್ನ ಒಂದೇ ಮಾತು ಆಡಿದ: "ನಾನು ಎಲ್ಲಿಗೂ ಬರಲ್ಲ. ಹೋಗೋರು ಬಾಗಿಲು ಎಳ್ಕೊಂಡು ಹೋಗಿ, ಚಳಿ ಒಳಗೆ ಬರುತ್ತೆ."

ಅತ್ತಿಗೆ ಬಾರ್ಬ್ಲಾ ಮೆಂಗಾಳನ್ನು ಮಲಗಿಸಲು ಕರೆದೊಯ್ದಳು. ಅವಳು ಕೆಳಗಿನೂರಿನವಳು. ಅವಳಿಗೆ ಒಳಗೊಳಗೇ ಖುಷಿಯಾಗಿರಬೇಕು ಅಂತ ನಾವೆಲ್ಲ ಅಂದುಕೊಂಡೆವು. ಅಮ್ಮ ಅದನ್ನು ಮರುದಿನ ಕೊಟ್ಟಿಗೆಯಲ್ಲಿ ಜೋರಾಗಿಯೇ ಅಂದುಕೊಂಡಳು: "ಕೆಲವರಿಗೆ ತವರುಮನೆ ಹತ್ರ ಆಯ್ತು ಬಿಡು." ಅತ್ತಿಗೆ ಹಾಲು ಕರೆಯುವುದು ನಿಲ್ಲಿಸಲಿಲ್ಲ.

ಅಲ್ಲಿಂದ ಮೂರು ವಾರ ಅಣ್ಣ ತನ್ನ ಅಡುಗೆ ತಾನೇ ಮಾಡಿಕೊಂಡ. ಹೆಂಡತಿಯೂ ಮಾಡಿಕೊಡಲಿಲ್ಲವೆಂಬುದು ಅವನಿಗೆ ಅಮ್ಮನ ಸಿಟ್ಟಿಗಿಂತ ಹೆಚ್ಚು ಚುಚ್ಚಿತು. ಆಲೂಗಡ್ಡೆ ತುರಿದು ಹಿಟ್ಟಿನಲ್ಲಿ ಕಲಸಿ ಬೆಣ್ಣೆಯಲ್ಲಿ ಹುರಿಯುವುದು ನಮ್ಮಲ್ಲಿ ಮಕ್ಕಳೂ ಮಾಡುವ ಅಡುಗೆ. ಅವನು ಮಾಡಿದರೆ ಬಾಣಲೆಗೆ ಸುಣ್ಣ ಬಳಿದ ಹಾಗೆ ಅಂಟಿಕೊಳ್ಳುತ್ತಿತ್ತು.

"ಉಳಿಯಲ್ಲಿ ಕೆತ್ತಿ ತಿನ್ನಪ್ಪಾ," ಎಂದು ಮೆಂಗಾ ಸಲಹೆ ಕೊಟ್ಟಳು. ಅಪ್ಪ ಕೆಮ್ಮುತ್ತ ನಕ್ಕ. ಅಮ್ಮನಿಗೂ ನಗು ಬಂತು. ಅದನ್ನು ಮುಚ್ಚಲು ಹೊರಗೆ ಹೋಗಿ ಕೋಳಿಗಳನ್ನು ಬೈದಳು.

ಅಕ್ಟೋಬರಿನಲ್ಲಿ ಪಂಚಾಯಿತಿ ಅಧ್ಯಕ್ಷ ಗೌಡೆಂಟ್ಸ್ ಖುದ್ದು ಹತ್ತಿ ಬಂದ. ಕೈಯಲ್ಲಿ ಒಂದು ದೊಡ್ಡ ಸಾಸೇಜು. ಅವನ ಅಜ್ಜಿ ನಮ್ಮೂರಿನವಳು, ಹಾಗಾಗಿ ಅವನಿಗೆ ಅಮ್ಮ ಚಿಕ್ಕಮ್ಮ ಆಗಬೇಕು.

"ಡೊರ್ತೆ ಚಿಕ್ಕಮ್ಮ, ಹೊಸ ಕಟ್ಟಡದಲ್ಲಿ ನಿಮಗೆ ಎರಡು ರೂಮು ಇಟ್ಟಿದ್ದೀವಿ. ಬಾಡಿಗೆ ಕಮ್ಮಿ. ನಲ್ಲಿ ತಿರುಗಿಸಿದ್ರೆ ಬಿಸಿನೀರು."

"ಹಸುಗಳನ್ನ ಯಾವ ರೂಮಲ್ಲಿ ಕಟ್ಲಿ?"

"ಹಸು ಮಾರಬೇಕಾಗುತ್ತೆ."

"ಮಾರಿ? ದಿನಾ ಬೆಳಿಗ್ಗೆ ಎದ್ದು ನಲ್ಲಿ ಕರೀಲಾ?"

ಗೌಡೆಂಟ್ಸ್ ಕಾಫಿ ಲೋಟ ಕೆಳಗಿಟ್ಟ. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಒಂದು ಅನಾಹುತ ಆದ್ರೆ ಜನ ನನ್ನ ಕೇಳ್ತಾರೆ. ಎರಡು ಮನೆಗೋಸ್ಕರ ಅಷ್ಟು ದಾರಿ ತೆಗೆಸೋದು ಹೇಗೆ?"

"ಸ್ಕೀ ಲಿಫ್ಟಿನ ದಾರಿ ತೆಗೆಸ್ತೀಯಲ್ಲ. ಪಟ್ಟಣದೋರು ಹಿಮದ ಮೇಲೆ ಜಾರಿ ಬೀಳೋಕೆ."

"ಅದರಿಂದ ಊರಿಗೆ ಆದಾಯ ಇದೆ."

"ಏಳುನೂರು ವರ್ಷದ ಹಿಂದೆ ನಮ್ಮೋರು ಹಸು ಹೊಡ್ಕೊಂಡು ಆ ಕಣಿವೆ ದಾಟಿ ಬಂದ್ರು," ಎಂದಳು ಅಮ್ಮ, ಬೆರಳಿನಿಂದ ಕಿಟಕಿಯ ಆಚೆ ತೋರಿಸಿ. "ಕೆಳಗೆ ಜಾಗ ಕೊಡಲಿಲ್ಲ ನಿಮ್ಮ ಕಡೆಯೋರು. ದೊರೆ ಹೇಳಿದ, ಯಾರೂ ಬದುಕದ ಎತ್ತರದಲ್ಲಿ ಚಳಿಗಾಲವೂ ಇದ್ದು ತೋರಿಸಿ, ನಿಮ್ಮ ನೆಲ ನಿಮ್ಮದೇ, ಯಾರ ಜೀತವೂ ಇಲ್ಲ ಅಂತ. ಇದ್ದು ತೋರಿಸಿದ್ವಿ."

"ಆ ದೊರೆ ಈಗ ಇಲ್ಲ ಚಿಕ್ಕಮ್ಮ."

"ನಾವಿದ್ದೀವಲ್ಲ."

ಗೌಡೆಂಟ್ಸ್ ಹೋದ. ಸಾಸೇಜನ್ನು ಅಮ್ಮ ವಾಪಸು ಕಳಿಸಲಿಲ್ಲ. "ಅದು ನಮ್ಮ ದೊಡ್ಡಮ್ಮನ ಮೊಮ್ಮಗ ತಂದದ್ದು, ಅಧ್ಯಕ್ಷ ತಂದದ್ದಲ್ಲ," ಎಂದು ಹೆಚ್ಚಿ ಎಲ್ಲರಿಗೂ ಹಾಕಿದಳು. ಅಣ್ಣನಿಗೆ ಮಾತ್ರ ಇಲ್ಲ.

ಅಕ್ಟೋಬರ್ ಕೊನೆಗೆ ಅಣ್ಣ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಅವನಿಗೆ ಕೆಳಗೆ ಸ್ಕೀ ಲಿಫ್ಟಿನಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ಹಾಸಿಗೆ, ಮೆಂಗಾಳ ಬಟ್ಟೆ, ಗೋಡೆಗಡಿಯಾರ ಎಲ್ಲ ಗಾಡಿಗೆ ಏರಿದವು. ಅಪ್ಪ ಅಮ್ಮ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವರನ್ನು ನೋಡಿಕೊಳ್ಳಲು ನಾನು ಉಳಿಯುತ್ತೇನೆಂದೂ ಗೊತ್ತಿತ್ತು. ಹೆಂಡತಿಯ ಪೆಟ್ಟಿಗೆ ಎತ್ತಲು ಒಳಗೆ ಹೋದವನು ಬರಿಗೈಯಲ್ಲಿ ಹೊರಗೆ ಬಂದ.

"ಬಾರ್ಬ್ಲಾ, ನಿನ್ನ ಪೆಟ್ಟಿಗೆ ಎಲ್ಲಿ?"

ಅತ್ತಿಗೆ ಕೊಟ್ಟಿಗೆಯ ಮುಂದೆ ಸಗಣಿ ಎಳೆಯುತ್ತಿದ್ದಳು. "ಕಟ್ಟಿಲ್ಲ."

"ಕಟ್ಟು ಬೇಗ. ಮೋಡ ಆಗ್ತಿದೆ."

"ನಾನು ಬರಲ್ಲ ಹಿಚ್."

ಅಮ್ಮ ಕೈಲಿದ್ದ ಬುಟ್ಟಿಯನ್ನು ನೆಲಕ್ಕೆ ಇಟ್ಟಳು. ನಾನೂ ನಿಂತುಬಿಟ್ಟೆ.

"ಇದೇನು ಹುಡುಗಾಟ?" ಅಣ್ಣ ಅಂದ. "ಅದು ನಿನ್ನೂರು!"

"ಅದು ನಮ್ಮಮ್ಮ ಹೋಟೆಲಲ್ಲಿ ಪಾತ್ರೆ ತೊಳೆದ ಊರು. ನಾನು ಹತ್ತನೇ ವರ್ಷಕ್ಕೇ ಅವಳ ಜೊತೆ ನಿಂತು ಒರೆಸಿದ ಊರು. ಈಗ ಹೋದ್ರೂ ಅದೇ ಹೋಟೆಲಲ್ಲಿ ಅದೇ ಕೆಲಸ. ಇಲ್ಲಿ ನಾಲ್ಕು ಹಸು ನನ್ನ ಕೈಯಲ್ಲಿ ಹಾಲು ಕೊಡ್ತವೆ. ಆ ಇಳಿಜಾರಿಗೆ ಹನ್ನೊಂದು ವರ್ಷ ಬೆನ್ನ ಮೇಲೆ ಗೊಬ್ಬರ ಹೊತ್ತಿದ್ದೀನಿ. ಕೈ ಎತ್ತೋ ಮುಂಚೆ ಒಂದು ಮಾತು ಕೇಳಿದ್ಯಾ ನನ್ನ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ, ಅಲ್ವಾ?"

"ಮತ್ತೆ ಮೆಂಗಾ? ಅವಳ ಶಾಲೆ?"

ಅತ್ತಿಗೆ ಸಲಿಕೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮೆಂಗಾ ಗಾಡಿಯ ಮೇಲೆ ಹಾಸಿಗೆಯ ನಡುವೆ ಕೂತು ಎಲ್ಲ ಕೇಳುತ್ತಿದ್ದಳು.

"ನಾನು ಅಪ್ಪನ ಜೊತೆ ಹೋಗ್ತೀನಮ್ಮ," ಅಂದಳು. "ಶಾಲೆಗೆ ಹೋಗ್ಬೇಕಲ್ಲ. ಅಲ್ಲದೆ ಅಪ್ಪಂಗೆ ಆಲೂಗಡ್ಡೆ ಹುರಿಯೋಕೆ ಬರಲ್ಲ."

ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅತ್ತಿಗೆ ಸಗಣಿ ಎಳೆಯುತ್ತಲೇ ಇದ್ದಳು, ಅಂಗಳ ಚೊಕ್ಕಟವಾಗಿ ಎಳೆಯಲು ಏನೂ ಉಳಿಯದಿದ್ದರೂ. ಅಮ್ಮ ಹೋಗಿ ಸಲಿಕೆ ಕಸಿದುಕೊಂಡಳು.

"ಬಾ ಒಳಗೆ. ಕಾಫಿ ಮಾಡ್ತೀನಿ."

"ಅತ್ತೆ, ಹಾಲು ಇನ್ನೂ..."

"ಹಾಲು ನಾನು ಸೋಸ್ತೀನಿ. ನೀನು ಕೂತ್ಕೊ ಅಂದ್ನಲ್ಲ." ಹನ್ನೊಂದು ವರ್ಷದಲ್ಲಿ ಅಮ್ಮ ಸೊಸೆಗೆ ಕೂತ್ಕೊ ಅಂದದ್ದು ನಾನು ಕೇಳಿದ್ದು ಅದೇ ಮೊದಲು.

ನವೆಂಬರ್ ಮೊದಲ ದಿನವೇ ಕರೆಂಟು ಹೋಯಿತು. ಅಟ್ಟದಿಂದ ಸೀಮೆಎಣ್ಣೆ ದೀಪ ಇಳಿಸಿದೆವು. ಹಿಮ ತಡಮಾಡಲಿಲ್ಲ, ಎರಡೇ ವಾರದಲ್ಲಿ ಕೆಳಗಿನ ಕಿಟಕಿಗಳು ಮುಚ್ಚಿದವು. ಬೆಳಿಗ್ಗೆ ಎದ್ದರೆ ಮೊದಲು ಬಾಗಿಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ನೀರಿನ ತೊಟ್ಟಿಗೆ ದಾರಿ ಬಗೆಯುವುದು, ಮಂಜುಗಡ್ಡೆ ಒಡೆಯುವುದು, ಮೇಲಿನ ಹುಲ್ಲುಮನೆಯಿಂದ ಜಾರುಗಾಡಿಯಲ್ಲಿ ಹುಲ್ಲು ಇಳಿಸುವುದು. ಕೆಳಗೆ ಹಾಲು ಕೊಡಲು ದಾರಿ ಇರಲಿಲ್ಲವಾದ್ದರಿಂದ ಎಲ್ಲ ಹಾಲೂ ಚೀಸು ಆಯಿತು. ಬೆಳಿಗ್ಗೆ ಚೀಸು, ಮಧ್ಯಾಹ್ನ ಚೀಸು, ರಾತ್ರಿ ಗಂಜಿಗೆ ನಂಚಿಕೊಳ್ಳಲು ಚೀಸು.

"ನನ್ನ ಹೂಳುವಾಗ ಉಪ್ಪು ಹಾಕೋದು ಬೇಡ, ಈಗಾಗ್ಲೇ ಸಾಕಷ್ಟು ಹಾಕಿದ್ದೀರಿ," ಎಂದ ಅಪ್ಪ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬೆಟ್ಟ ಗುಡುಗಿತು. ನಾನೂ ಅತ್ತಿಗೆಯೂ ಕೊಟ್ಟಿಗೆಯಲ್ಲಿದ್ದೆವು. ಹಸುಗಳು ಒಟ್ಟಿಗೆ ತಲೆ ಎತ್ತಿದವು. ನೆಲ ನಡುಗಿತು, ಸಂದುಗೊಂದಿನಿಂದೆಲ್ಲ ಹಿಮದ ಪುಡಿ ಒಳಗೆ ನುಗ್ಗಿ ದೀಪ ಆರಿತು. ಆಮೇಲೆ ಸದ್ದೇ ಇಲ್ಲ. ಹೊರಗೆ ಬಂದು ನೋಡಿದರೆ ಹಳ್ಳದ ಆಚೆ ಇದ್ದ ಹಳೆಯ ಖಾಲಿ ಮನೆ ಇರಲಿಲ್ಲ. ಮನೆಯ ಹೊಗೆಕೊಳವೆಯೂ ಇಲ್ಲ, ಹಿಂದಿನ ಮರಗಳೂ ಇಲ್ಲ. ಅಲ್ಲಿ ಎಂದೂ ಏನೂ ಇರಲಿಲ್ಲವೇನೋ ಎಂಬಂತೆ ಬಿಳಿ ಇಳಿಜಾರು. ಯೋರಿ ತನ್ನ ಬಾಗಿಲಿನಿಂದ ಕೈ ಬೀಸಿ, ಬದುಕಿದ್ದೇನೆ ಎಂದು ತೋರಿಸಿದ.

ಅತ್ತಿಗೆ ಮತ್ತೆ ಹಾಲಿಗೆ ಕೂತಳು. ಕೆಚ್ಚಲು ಜೋರಾಗಿ ಎಳೆದಳೇನೋ, ಹಸು ಸಿಡುಕಿ ಒದ್ದು, ಬಕೆಟ್ಟು ಉರುಳಿತು.

"ಹೆದರಿಕೆ ಆಯ್ತಾ ಅತ್ತಿಗೆ?"

"ಆಯ್ತು. ಹಿಚ್ ಹೇಳಿದ್ದು ಸುಳ್ಳಲ್ಲ, ನೇಸಾ. ಮೆಂಗಾ ಕೆಳಗಿರೋದೇ ಒಳ್ಳೇದು." ಬಕೆಟ್ಟು ಎತ್ತಿ ಇಟ್ಟುಕೊಂಡಳು. "ಹೆದರಿಕೆ ಆಯ್ತು ಅಂತ ಹಾಲು ಕರೆಯೋದು ಬಿಡೋಕಾಗುತ್ತಾ?"

ಆ ಸುದ್ದಿ ಕೆಳಗೂ ತಲುಪಿರಬೇಕು. ಹೊಸ ವರ್ಷಕ್ಕೆ ಎರಡು ದಿನ ಇರುವಾಗ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಚೀಲ ಹಿಟ್ಟು, ಒಂದು ಡಬ್ಬ ಸೀಮೆಎಣ್ಣೆ, ಒಣ ಪೇರ್ ಹಣ್ಣು ತುಂಬಿದ ಹಬ್ಬದ ರೊಟ್ಟಿ. ರೊಟ್ಟಿಯ ಒಂದು ಪಕ್ಕ ಕರಕಲು. ಮೆಂಗಾ ಮಾಡಿದ್ದೇ ಇರಬೇಕು. ಅಂಗಳದ ಅಂಚಿನಲ್ಲಿ ಅಣ್ಣ ಸ್ಕೀ ಕಟ್ಟಿಕೊಂಡು ಇಳಿಯಲು ತಯಾರಾಗುತ್ತಿದ್ದ.

"ನೇಸಾ," ಅಮ್ಮ ಒಳಗಿನಿಂದ ಕೂಗಿದಳು, "ಅಂಗಳದಲ್ಲಿ ಯಾರೋ ಹಿಟ್ಟು ಮಾರೋನು ನಿಂತಿದ್ದಾನೆ. ಗಂಜಿ ಕುಡಿದು ಹೋಗು ಅಂತ ಹೇಳು. ಖಾಲಿ ಹೊಟ್ಟೇಲಿ ಬೆಟ್ಟ ಇಳೀಬಾರದು."

ಅಣ್ಣ ಬಂದು ಗಂಜಿ ಕುಡಿದ. ಅಪ್ಪನ ಎದೆಗೆ ಕಿವಿಯಿಟ್ಟು ಕೇಳಿದ. ಹೊರಡುವಾಗ ಹೆಂಡತಿಯನ್ನು ಕರೆದು ಹುಲ್ಲುಮನೆಯ ಹತ್ತಿರ ಏನೋ ಮಾತಾಡಿದ. ಇಬ್ಬರೂ ಜಗಳವಾಡುತ್ತಿದ್ದರೋ ಅಪ್ಪಿಕೊಂಡರೋ ಅಷ್ಟು ದೂರದಿಂದ ತಿಳಿಯಲಿಲ್ಲ. ಎರಡೂ ಆಗಿರಬಹುದು.

ಜನವರಿಯ ಕೊನೆಯಲ್ಲಿ ಅಪ್ಪ ತೀರಿಕೊಂಡ. ಮಧ್ಯಾಹ್ನದ ಊಟವಾಗಿತ್ತು. ಒಲೆಯ ಪಕ್ಕದ ಬೆಂಚಿನಲ್ಲಿ ಒರಗಿ ಕೂತಿದ್ದವನು, "ಡೊರ್ತೆ, ಒಲೆಗೆ ಇನ್ನೊಂದು ಸೌದೆ ಹಾಕು," ಅಂದ. ಅವಳು ಸೌದೆ ಹಾಕಿ ತಿರುಗುವಷ್ಟರಲ್ಲಿ ಮುಗಿದಿತ್ತು. ಅಮ್ಮ ಅವನ ಕಾಲರಿನ ಗುಂಡಿ ಹಾಕಿದಳು, ಕೂದಲು ನೀವಿದಳು, ಆಮೇಲೆ ಪಕ್ಕದಲ್ಲೇ ಕೂತು ಅವನ ಕೈ ಹಿಡಿದುಕೊಂಡು, ಆ ಸೌದೆ ಉರಿದು ಬೂದಿಯಾಗುವವರೆಗೂ ಎದ್ದೇಳಲಿಲ್ಲ.

ಯೋರಿ ಸ್ಕೀ ಹಾಕಿಕೊಂಡು ಕೆಳಗೆ ಸುದ್ದಿ ಮುಟ್ಟಿಸಿ, ಸಂಜೆಗೆ ಉತ್ತರ ಹೊತ್ತುಕೊಂಡು ಬಂದ.

"ಆಕಾಶ ತಿಳಿಯಾದ ಕೂಡಲೇ ಹೆಲಿಕಾಪ್ಟರ್ ಕಳಿಸ್ತಾರಂತೆ. ವಾಲೆಂಟಿನ್ನ ಕೆಳಗಿನ ಸ್ಮಶಾನಕ್ಕೆ ಒಯ್ತಾರಂತೆ. ನಾವೂ ಅದರಲ್ಲೇ ಇಳೀಬೇಕಂತೆ. ಹಸುಗಳ ವಿಷಯ ಆಮೇಲೆ ನೋಡೋಣ ಅಂದ ಗೌಡೆಂಟ್ಸ್."

"ಬದುಕಿದ್ದಾಗ ಅವರಿಗೊಂದು ಔಷಧಿ ತರೋಕೆ ದಾರಿ ತೆಗೀಲಿಲ್ಲ," ಅಂದಳು ಅಮ್ಮ. ಅವಳ ದನಿ ಏರಲೇ ಇಲ್ಲ. "ಸತ್ತ ಮೇಲೆ ಆಕಾಶದಿಂದ ಇಳಿದು ಬರ್ತಾರಾ? ಅವರು ಎಲ್ಲಿಗೂ ಬರಲ್ಲ ಅಂದಿದ್ರು. ಬರಲ್ಲ."

"ಡೊರ್ತೆ, ಇಲ್ಲಿ ಹೂಳಬಾರದು ಅಂತ ಕಾನೂನು..."

"ನೆಲ ಕಲ್ಲಾಗಿದೆ," ಅಂದೆ ನಾನು. "ಅಗೆಯೋದು ಹೇಗೆ?"

ಅತ್ತಿಗೆ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು. "ಬೆಂಕಿ ಹಾಕೋಣ. ಹಿಂದೆ ಹಾಗೇ ಮಾಡ್ತಿದ್ರು ಅಂತ ಮಾವನೇ ಹೇಳಿದ್ರಲ್ಲ. ನೇಸಾ, ಸಲಿಕೆ ತಗೊ."

ಆ ರಾತ್ರಿಯೇ ಶುರುಮಾಡಿ ಮರುದಿನವಿಡೀ ನಾವು ಪುಟ್ಟ ಚರ್ಚಿನ ಹಿಂದೆ ಆಳೆತ್ತರದ ಹಿಮ ಬಗೆದೆವು. ನೆಲ ಕಂಡ ಮೇಲೆ ಸೌದೆ ಪೇರಿಸಿ ಬೆಂಕಿ ಹಾಕಿದೆವು. ಕರಗಿದಷ್ಟು ಮಣ್ಣು ತೆಗೆಯುವುದು, ಮತ್ತೆ ಬೆಂಕಿ ಹಾಕುವುದು. ಹುಲ್ಲುಮನೆಯ ಹಲಗೆ ಕಿತ್ತು ಯೋರಿ ಪೆಟ್ಟಿಗೆ ಮಾಡಿದ. ಕಾನೂನಿನ ಮಾತು ಅವನು ಮತ್ತೆ ಎತ್ತಲಿಲ್ಲ. ಮೊಳೆ ಸಾಲದು ಅಂತ ಮಾತ್ರ ಗೊಣಗಿದ.

ಮೂರನೆಯ ದಿನ ಬೆಳಿಗ್ಗೆ ಆಕಾಶ ಬಿಚ್ಚಿಕೊಂಡಿತು. ಗುಂಡಿ ಸೊಂಟದ ಆಳಕ್ಕೆ ಬಂದಿತ್ತು. ಅಣ್ಣ ಒಬ್ಬನೇ ಹತ್ತಿ ಬಂದ. ಅಷ್ಟು ಹೊಸ ಹಿಮ ಬಿದ್ದಿರುವಾಗ ಹತ್ತಬಾರದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮುಖ ಕೆಂಪಾಗಿ ಹುಬ್ಬಿನ ಮೇಲೆ ಮಂಜು ಕಟ್ಟಿತ್ತು.

"ಗೌಡೆಂಟ್ಸ್ ಹೇಳಿ ಕಳಿಸಿದ್ದಾನೆ. ನಿಮ್ಮನ್ನೆಲ್ಲ ಒಪ್ಪಿಸಿ ತಯಾರು ಮಾಡಬೇಕಂತೆ," ಅಂದ.

ಅವನು ಒಳಗೆ ಹೋಗಿ ಅಪ್ಪನ ಮುಖ ನೋಡಿ ಬಂದ. ಗುಂಡಿಯ ಹತ್ತಿರ ನಿಂತು ಅದನ್ನೂ ನೋಡಿದ.

"ಇಷ್ಟೇನಾ ಅಗೆದಿರೋದು?" ಎಂದು ಗುಂಡಿಗೆ ಹಾರಿ ಹೆಂಡತಿಯ ಕೈಯಿಂದ ಗುದ್ದಲಿ ತೆಗೆದುಕೊಂಡ.

ಹೆಲಿಕಾಪ್ಟರ್ ಬಂದಾಗ ನಾವು ಪೆಟ್ಟಿಗೆಯನ್ನು ಗುಂಡಿಯ ಪಕ್ಕ ತಂದು ಇಟ್ಟಿದ್ದೆವು. ರೆಕ್ಕೆಯ ಗಾಳಿಗೆ ಹಿಮ ಎದ್ದು ಮುಖಕ್ಕೆ ರಾಚಿತು. ಅಮ್ಮ ತನ್ನ ಶಾಲು ಬಿಚ್ಚಿ ಪೆಟ್ಟಿಗೆಯ ಮೇಲೆ ಹೊದಿಸಿ ಅದರ ಮೇಲೆ ಬಾಗಿ ನಿಂತಳು. ಗೌಡೆಂಟ್ಸ್, ಅವನ ಹಿಂದೆ ಒಬ್ಬ ಪೊಲೀಸು, ಮೊಣಕಾಲುದ್ದದ ಹಿಮದಲ್ಲಿ ಹುಗಿಯುತ್ತ ಬಂದರು.

"ಹಿಚ್! ನಿನಗೆ ಏನಂತ ಹೇಳಿ ಕಳಿಸಿದ್ದೆ ನಾನು?"

"ನಾನು ಹೇಳಿ ನೋಡಿದೆ. ಅಪ್ಪಂಗೆ ಒಪ್ಪಿಗೆ ಆಗಲಿಲ್ಲ."

"ಚಿಕ್ಕಮ್ಮ, ದಯವಿಟ್ಟು. ಇಲ್ಲಿ ಹೂಳೋ ಹಾಗಿಲ್ಲ. ಸಭೆ ನಿರ್ಣಯ ಮಾಡಿದೆ."

ಅಮ್ಮ ಗೋಡೆಯ ಪಕ್ಕದ ಹಿಮದ ಗುಡ್ಡೆ ತೋರಿಸಿದಳು. "ನಿಮ್ಮಜ್ಜಿ ಅಲ್ಲಿದ್ದಾಳೆ ಗೌಡೆಂಟ್ಸ್. ಮೊದಲು ಅವಳನ್ನ ಎಬ್ಬಿಸಿ ಆ ಯಂತ್ರದಲ್ಲಿ ಕೂರಿಸು. ಅವಳು ಬರ್ತೀನಿ ಅಂದ್ರೆ ನಾನು ಇವರನ್ನ ಕೊಡ್ತೀನಿ."

ಗೌಡೆಂಟ್ಸ್ ಆ ಗುಡ್ಡೆಯತ್ತ ತಿರುಗಿ ನೋಡಿದ. ಪೊಲೀಸಿನವನು ಕೆಮ್ಮಿ, "ಹಾಗಾದ್ರೆ ದಂಡ ಹಾಕಬೇಕಾಗುತ್ತೆ. ಹೆಸರು ಹೇಳಿ," ಅಂದ.

"ಬಾರ್ಬ್ಲಾ," ಅಂದಳು ಅತ್ತಿಗೆ, ಎಲ್ಲರಿಗಿಂತ ಮುಂಚೆ. "ಅಗೆದೋಳು ನಾನು. ಸರಿಯಾಗಿ ಬರ್ಕೊಳ್ಳಿ."

"ಹಿಚ್. ನಾನೂ ಅಗೆದೆ."

"ನೇಸಾ."

"ಪೆಟ್ಟಿಗೆ ಮಾಡಿದ್ದು ಯೋರಿ ಅಂತ ಬರಿ," ಎಂದ ಯೋರಿ. "ಮೊಳೆ ಕಮ್ಮಿ ಇತ್ತು ಅಂತಾನೂ ಬರಿ."

ಪಾದ್ರಿ ಬಂದಿರಲಿಲ್ಲ. ಪ್ರಾರ್ಥನೆ ಯಾರು ಹೇಳುವುದು ಎಂದು ಅಣ್ಣ ಕೇಳಿದ. "ನಲವತ್ತು ವರ್ಷದಿಂದ ದೇವರ ಹತ್ರ ಇವರ ಮೇಲೆ ಚಾಡಿ ಹೇಳ್ತಾ ಬಂದಿದ್ದೀನಿ," ಅಂದಳು ಅಮ್ಮ. "ಇವತ್ತು ಒಳ್ಳೇ ಮಾತು ಹೇಳೋಕೂ ನಾನೇ ಸಾಕು." ಅವಳು ಹೇಳಿದಳು. ಗೌಡೆಂಟ್ಸ್ ಟೋಪಿ ತೆಗೆದು ಕೊನೆಯವರೆಗೂ ನಿಂತ. ಪೆಟ್ಟಿಗೆ ಇಳಿಸುವ ಹಗ್ಗ ಹಿಡಿಯಲು ಕೈ ಸಾಲದಾದಾಗ ಪೈಲಟ್ಟು ಬಂದು ಒಂದು ತುದಿ ಹಿಡಿದ. ಆಮೇಲೆ ಹೆಲಿಕಾಪ್ಟರ್ ಯಾರನ್ನೂ ಒಯ್ಯದೆ ಹಾರಿಹೋಯಿತು. ಅಣ್ಣನೂ ಮಧ್ಯಾಹ್ನ ಇಳಿದ. ಮೆಂಗಾ ಕೆಳಗೆ ಒಬ್ಬಳೇ ಇದ್ದಳು.

ದಂಡದ ಆಜ್ಞೆಯನ್ನು ಯೋರಿಯೇ ಒಂದು ಸಲ ಕೆಳಗೆ ಹೋದಾಗ ತಂದ. ಅಮ್ಮ ಅದನ್ನು ಓದಿಸಿಕೊಂಡು ಕೇಳಿದಳು. "ಕಟ್ಟಲ್ಲ," ಅಂದಳು. ಅಣ್ಣ ತನ್ನ ಸಂಬಳದಲ್ಲಿ ಕಟ್ಟಿಬಿಡುತ್ತೇನೆಂದು ಹೇಳಿ ಕಳಿಸಿದ. "ಕಟ್ಟಿದ್ರೆ ನನ್ನ ಮಗನೇ ಅಲ್ಲ ಅಂತ ಹೇಳು," ಎಂದು ಅಮ್ಮ ತಿರುಗಿ ಹೇಳಿ ಕಳಿಸಿದಳು. "ಗಂಡನ್ನ ಹೂತಿದ್ದಕ್ಕೆ ಶುಲ್ಕ ಕೊಡೋ ವಂಶ ಅಲ್ಲ ನಮ್ಮದು."

ಕಟ್ಟದಿದ್ದರೆ ಜಫ್ತಿ ಮಾಡಬೇಕು. ನಮ್ಮ ಮನೆಯಲ್ಲಿ ಜಫ್ತಿಗೆ ಯೋಗ್ಯವಾದದ್ದು ಹಸು ಒಂದೇ. ಆದರೆ ಹಸು ಇರುವುದು ಮೇಲೆ, ಕಚೇರಿ ಇರುವುದು ಕೆಳಗೆ. ನಡುವೆ ಮಾರ್ಚ್ ತಿಂಗಳ ಹಿಮ. ಹೆಲಿಕಾಪ್ಟರಿನಲ್ಲಿ ಹಸು ಕೂರುವುದಿಲ್ಲ. ಕೆಳಗೆ ಅವರು ಎಷ್ಟು ಚರ್ಚೆ ಮಾಡಿದರೋ ಗೊತ್ತಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅತ್ತಿಗೆ ಹುಲ್ಲುಮನೆಯಿಂದ ಓಡಿ ಬಂದಳು.

"ಅತ್ತೆ! ನೇಸಾ! ಬಂದು ನೋಡಿ, ದಾರಿ ತೆಗೀತಿದ್ದಾರೆ!"

ಕೆಳಗೆ, ಕಾಡಿನ ಅಂಚಿನಲ್ಲಿ, ಆರು ಜನ ಸಲಿಕೆ ಹಿಡಿದು ಸಾಲಾಗಿ ಹಿಮ ಬಗೆಯುತ್ತಿದ್ದರು. ಮಂಗಳವಾರ ಹಳ್ಳದವರೆಗೆ ಬಂದರು. ಬುಧವಾರ ಮಧ್ಯಾಹ್ನ ಅವರ ಮಾತು ನಮಗೆ ಕೇಳುವಷ್ಟು ಹತ್ತಿರವಾಯಿತು. ಅಮ್ಮ ಅಪ್ಪನ ಹಳೆಯ ಕೋಟು ಹಾಕಿಕೊಂಡು, ಕೋಲೂರಿ, ಅವರ ತಲೆಯ ಮೇಲಿನ ದಿಣ್ಣೆಯ ತುದಿಗೆ ಹೋಗಿ ನಿಂತು ತುಸು ಹೊತ್ತು ನೋಡಿದಳು.

"ಅಗಲ ಸಾಲದು ಕಣ್ರೋ," ಎಂದು ಕೂಗಿದಳು. "ಇನ್ನೊಂದು ಮೊಳ ತೆಗೀರಿ. ಹಸು ದಪ್ಪ ಇದೆ!"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ಮೊಳ ತೆಗೆದರು.

ಜಫ್ತಿಯ ಅಧಿಕಾರಿ ಪಟ್ಟಣದವನು, ತೆಳು ಬೂಟು ಹಾಕಿದ್ದ. ಅತ್ತಿಗೆ ತಕರಾರಿಲ್ಲದೆ ಕೊಟ್ಟಿಗೆಯ ಬಾಗಿಲು ತೆರೆದು, ಎಲ್ಲಕ್ಕಿಂತ ದೊಡ್ಡ ಹಸುವಿನ ಹಗ್ಗ ಅವನ ಕೈಗೆ ಕೊಟ್ಟಳು. ನಾಲ್ಕು ತಿಂಗಳು ಕತ್ತಲಲ್ಲಿ ಕಟ್ಟಿಹಾಕಿದ್ದ ಹಸು ಬಿಸಿಲು ಕಂಡು ಒಂದು ಕ್ಷಣ ಕಣ್ಣು ಕಿರಿದು ಮಾಡಿತು. ಆಮೇಲೆ ಬಾಲ ಎತ್ತಿ, ಹಿಂಗಾಲು ಝಾಡಿಸಿ, ಅಧಿಕಾರಿಯನ್ನು ಹಗ್ಗದ ಸಮೇತ ಎಳೆದುಕೊಂಡು ಕುಣಿಯುತ್ತ ಹೋಗಿ ದಾರಿಯ ಪಕ್ಕದ ಹಿಮದಲ್ಲಿ ಹೊಟ್ಟೆಯವರೆಗೆ ಹುಗಿದುಕೊಂಡಿತು. ಅದನ್ನು ಬಗೆದು ಹೊರತೆಗೆಯಲು ಆರು ಜನರಿಗೂ ಸಂಜೆಯಾಯಿತು. ಹೊರಬಂದ ಹಸು ಯಾರನ್ನೂ ಕೇಳದೆ ನೆಟ್ಟಗೆ ನಡೆದು ನಮ್ಮ ಕೊಟ್ಟಿಗೆಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು.

"ಇನ್ನೊಂದು ಸಲ ಹಿಡೀತೀರಾ ಸ್ವಾಮಿ?" ಎಂದು ಕೇಳಿದಳು ಅತ್ತಿಗೆ.

ಅಧಿಕಾರಿ ಬೂಟಿನಿಂದ ಹಿಮ ಸುರಿಯುತ್ತಿದ್ದ. "ವಸೂಲಿಗೆ ಯೋಗ್ಯ ವಸ್ತು ಸಿಗಲಿಲ್ಲ ಅಂತ ಬರೀತೀನಮ್ಮ. ನನಗೆ ಒಂದು ಲೋಟ ಕಾಫಿ ಕೊಡಿ, ಸಾಕು."

ಎಲ್ಲರಿಗೂ ಕಾಫಿ ಆಯಿತು. ಹಿಮ ಬಗೆದವರಿಗೆ ಚೀಸೂ ಆಯಿತು, ಸಾಕಪ್ಪಾ ಸಾಕು ಅನ್ನುವಷ್ಟು. ಅವರು ಇಳಿದು ಹೋದರು. ಆದರೆ ದಾರಿ ಉಳಿಯಿತು. ಒಮ್ಮೆ ತೆಗೆದ ಹಿಮವನ್ನು ಮತ್ತೆ ತುಂಬಿರಿ ಎಂದು ನಿರ್ಣಯ ಮಾಡುವ ಕ್ರಮ ಯಾವ ಪಂಚಾಯಿತಿಯಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ನಾನೂ ಅತ್ತಿಗೆಯೂ ನವೆಂಬರಿನಿಂದ ಮೊದಲ ಸಲ ಬೆನ್ನ ಮೇಲೆ ಹಾಲು ಹೊತ್ತು ಕೆಳಗೆ ಇಳಿದೆವು.

ಶನಿವಾರ ಶಾಲೆ ಬಿಟ್ಟ ಮೇಲೆ ಮೆಂಗಾ ಹತ್ತಿ ಬಂದಳು, ಹಿಂದೆ ಅಣ್ಣ. ಅತ್ತಿಗೆ ಅಂಗಳ ದಾಟಿ ಓಡಿದ್ದನ್ನು ನಾನು ನೋಡಿದೆ. ಅವಳು ಓಡಬಲ್ಲಳೆಂದೇ ನನಗೆ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಅಣ್ಣ ಹೇಳಿದ, ಲಿಫ್ಟಿನ ಕೆಲಸ ಬಿಡುವುದಿಲ್ಲ, ಮೆಂಗಾಳ ಶಾಲೆಯೂ ಕೆಳಗೇ, ಆದರೆ ದಾರಿ ಇರುವವರೆಗೆ ಪ್ರತಿ ಶನಿವಾರ ಇಬ್ಬರೂ ಬರುತ್ತಾರೆ. "ನೀನು ಕೆಳಗೆ ಬರೋದು ಬೇಡ, ನಾನು ಕೇಳೋದೂ ಇಲ್ಲ," ಎಂದು ಹೆಂಡತಿಗೆ ಹೇಳಿದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

"ದಂಡ ಅಂತೂ ಹೋಯ್ತು," ಅಂದ ಅಣ್ಣ. "ಕತೆ ಮುಗೀತು."

"ಮುಗಿಯೋದೇನು?" ಅಮ್ಮ ರೊಟ್ಟಿ ಮುರಿಯುತ್ತ ಅಂದಳು. "ನವೆಂಬರ್ ಬಂದ ಕೂಡಲೇ ಇನ್ನೊಂದು ದಂಡ ಹಾಕಿಸ್ಕೋಬೇಕು. ಬರೋ ಚಳಿಗಾಲಕ್ಕೂ ದಾರಿ ಬೇಕಲ್ಲ."